ಯಂತ್ರಕ್ಕೆ ಜ್ವರ, ಗುಮಾಸ್ತೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಮ್ಮ ಹಿರಿಯರು ಈ ಗಾದೆಯನ್ನು ಯಾವನೋ ಅಳಲೆಕಾಯಿ ಪಂಡಿತನನ್ನು ನೋಡಿ ಕಟ್ಟಿದ್ದಿರಬೇಕು. ಇಂದು ಅದನ್ನು ನಮ್ಮ ಸೀಮೆಯ ಕೆಲವು ಗಿರಣಿಗಳ ಬಾಗಿಲ ಮೇಲೆ ಬರೆದರೆ ಹೆಚ್ಚೇನೂ ತಿದ್ದಬೇಕಾಗಿಲ್ಲ. ಜ್ವರ ಬಂದಿರುವುದು ಕಂಪ್ಯೂಟರಿಗೆ. ಬರೆ ಬಿದ್ದಿರುವುದು ಗುಮಾಸ್ತೆಯ ಸಂಬಳಕ್ಕೆ.

ಮೊನ್ನೆ ವಿರೂಪಾಪುರಗಡ್ಡೆಯಲ್ಲಿ ಸಭೆಗೆ ಹೋಗಿದ್ದೆವು. ಗಡ್ಡೆಯ ಕಥೆ ಓದುಗರಿಗೆ ತಿಳಿದದ್ದೇ. ೨೦೨೦ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು; ಮಾರ್ಚಿನಲ್ಲಿ ಜೆ.ಸಿ.ಬಿ.ಗಳು ಬಂದವು, ಅಕ್ರಮವೆಂದು ತೀರ್ಮಾನವಾದ ರೆಸಾರ್ಟುಗಳು ನೆಲಸಮವಾದವು. ಹಂಪೆಯ ಸ್ಮಾರಕಗಳು ಉಳಿಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಕಟ್ಟಿಸಿದವರ ತಪ್ಪಿಗೆ, ಅಲ್ಲಿ ಅಡಿಗೆ ಮಾಡುತ್ತಿದ್ದವರು, ಅರಿವೆ ಒಗೆಯುತ್ತಿದ್ದವರು, ಲೆಕ್ಕ ಬರೆಯುತ್ತಿದ್ದವರು ಬೀದಿಗೆ ಬಿದ್ದಾಗ ಅವರನ್ನು ಕೇಳುವವರು ಯಾರೂ ಇರಲಿಲ್ಲ. ಹಾಗೆ ಕೆಲಸ ಕಳೆದುಕೊಂಡು ಒಂದು ಅಕ್ಕಿ ಗಿರಣಿಯಲ್ಲಿ ಕಂಪ್ಯೂಟರ್ ಆಪರೇಟರಾಗಿ ಸೇರಿದ ಹೆಣ್ಣುಮಗಳೊಬ್ಬಳು ಸಭೆ ಮುಗಿದ ಮೇಲೆ ನಮ್ಮ ಬಳಿ ಬಂದಳು. ಆಕೆಯ ಹೆಸರನ್ನಾಗಲಿ ಗಿರಣಿಯ ಹೆಸರನ್ನಾಗಲಿ ಬರೆಯುವುದಿಲ್ಲ. ಬರೆದರೆ ಇರುವ ಕೆಲಸವೂ ಹೋದೀತು.

"ಮಾಸ್ತರ್ರ, ನಾ ಏನ್ ಕಳವು ಮಾಡೀನ್ರಿ? ಧಣಿಯೋರು ಫೋನ್ ಮಾಡಿ, ಜಿ.ಎಸ್.ಟಿ. ನೋಟೀಸ್ ಬಂದೈತಂತ, ತಗದು ನೋಡು ಅಂದ್ರು. ನೋಡಿದೆ. ಮೂರು ತಿಂಗಳಾತು, ಪಗಾರ ಹಿಡಕೊಳ್ಳಾಕ ಹತ್ತ್ಯಾರ."

ನಡೆದದ್ದು ಇಷ್ಟು. ಬೆಳಿಗ್ಗೆ ತೆಗೆದ ಆ ಈಮೇಲಿನೊಳಗೆ ನೋಟೀಸು ಇರಲಿಲ್ಲ, ವೈರಸ್ಸು ಇತ್ತು. ಮಧ್ಯಾಹ್ನದ ಹೊತ್ತಿಗೆ ಟ್ಯಾಲಿಯ ಲೆಕ್ಕ, ಇ-ವೇ ಬಿಲ್ಲಿನ ದಾಖಲೆ, ಹಮಾಲರ ಪಗಾರದ ಪಟ್ಟಿ, ಎಲ್ಲಕ್ಕೂ ಬೀಗ ಬಿತ್ತು. ಬೀಗದ ಕೈ ಬೇಕಾದರೆ ಇಂತಿಷ್ಟು ಹಣ ಕೊಡಿ ಎಂಬ ಬೆದರಿಕೆಯ ಕಾಗದ ಪರದೆಯ ಮೇಲೆ ಬಂತು. ತೂಕದ ಕಟ್ಟೆಯ ಕಂಪ್ಯೂಟರೂ ಅದೇ ತಂತಿಗೆ ಸೇರಿತ್ತು, ಅದೂ ಹೋಯಿತು. ತೂಕದ ಚೀಟಿ ಇಲ್ಲದೆ ನಾಲ್ಕು ದಿನ ಲಾರಿಗಳು ಕದಲಲಿಲ್ಲ. ಲಾರಿ ಕದಲದಿದ್ದರೆ ಚೀಲಕ್ಕಿಷ್ಟೆಂದು ಕೂಲಿ ಪಡೆಯುವ ಹಮಾಲನಿಗೆ ಏನು ಸಿಕ್ಕೀತು? ನಾಲ್ಕು ದಿನ ಅವರ ಮನೆಯ ಒಲೆ ಸಾಲದ ಮೇಲೆ ಉರಿಯಿತು. ಐದನೆಯ ದಿನ ಮಾಲೀಕರು ತೀರ್ಪು ಕೊಟ್ಟರು: ಗುಂಡಿ ಒತ್ತಿದವಳು ನೀನು, ನಷ್ಟ ತುಂಬುವವಳೂ ನೀನೇ. ಅಂದಿನಿಂದ ಆಕೆಯ ಸಂಬಳದ ಮೂರನೆಯ ಒಂದು ಪಾಲು ಕಡಿತ.

ನಾವು ಆಕೆಗೆ ಐದು ಪ್ರಶ್ನೆ ಹಾಕಿದೆವು. ಕಂಪ್ಯೂಟರಿನೊಳಗಿನ ವಿಂಡೋಸು ಅಸಲಿಯೋ? ಅಲ್ಲ; ಪೇಟೆಯ ಹುಡುಗನೊಬ್ಬ ಪುಕ್ಕಟೆ ಹಾಕಿಕೊಟ್ಟ ಹಳೆಯ ನಕಲು. ಕಾಲಕಾಲಕ್ಕೆ ಬರುವ ತಿದ್ದುಪಡಿಗಳನ್ನು ಹಾಕುತ್ತಿದ್ದರೋ? ಇಲ್ಲ; ಯಂತ್ರ ನಿಧಾನವಾಗುತ್ತದೆಂದು ನಿಲ್ಲಿಸಿಬಿಟ್ಟಿದ್ದರು. ಲೆಕ್ಕದ ಪ್ರತಿ ಬೇರೆ ಕಡೆ ಇತ್ತೋ? ಒಂದು ಪೆನ್ ಡ್ರೈವಿನಲ್ಲಿತ್ತು, ಅದು ಹಗಲೂ ರಾತ್ರಿ ಅದೇ ಯಂತ್ರಕ್ಕೆ ಸಿಕ್ಕಿಸಿಯೇ ಇರುತ್ತಿತ್ತು. ಅದಕ್ಕೂ ಬೀಗ ಬಿತ್ತು. ಪಾಸ್‌ವರ್ಡು ಯಾರ ಬಳಿ? ಎಲ್ಲರಿಗೂ ಒಂದೇ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿತ್ತು. ಸುಳ್ಳು ಈಮೇಲನ್ನು ಗುರುತಿಸುವುದು ಹೇಗೆಂದು ಯಾರಾದರೂ ಹೇಳಿಕೊಟ್ಟಿದ್ದರೋ? ಆಕೆ ನಕ್ಕಳು.

ಮಾಲೀಕ ಮಹಾಶಯರೇ, ಈ ಐದರಲ್ಲಿ ಒಂದಾದರೂ ಆ ಹೆಣ್ಣುಮಗಳ ಅಧಿಕಾರದಲ್ಲಿತ್ತೇ? ನಕಲು ವಿಂಡೋಸಿನಿಂದ ಉಳಿದ ಹಣ ಆಕೆಯ ಪಗಾರಕ್ಕೆ ಸೇರಿತೇ? ಉಳಿತಾಯ ನಿಮ್ಮದು, ನಷ್ಟ ಆಕೆಯದು. ಇದಾವ ಲೆಕ್ಕ?

"ಆಕೆ ಒತ್ತದಿದ್ದರೆ ಏನೂ ಆಗುತ್ತಿರಲಿಲ್ಲ" ಎಂದು ಮಾಲೀಕರ ಕಡೆಯವರು ವಾದಿಸುತ್ತಾರೆ. ಈ ವಾದವನ್ನೇ ಮೊದಲು ತೆಗೆದುಕೊಳ್ಳೋಣ.

೨೦೧೭ರ ಮೇ ೧೨ರಂದು 'ವನ್ನಾಕ್ರೈ' ಎಂಬ ಹುಳು ಜಗತ್ತಿನ ಮೇಲೆ ಬಿತ್ತು. ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಹಾಕಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಚಿಕಿತ್ಸೆಯ ದಿನಗಳು ರದ್ದಾದವು. ನಮ್ಮ ನೆರೆಯ ಆಂಧ್ರ ಪ್ರದೇಶದ ಪೋಲೀಸ್ ಇಲಾಖೆಯ ಕಂಪ್ಯೂಟರುಗಳೂ ಕೆಟ್ಟವು. ಇದಕ್ಕೆ ಯಾರೂ ಯಾವ ಗುಂಡಿಯನ್ನೂ ಒತ್ತಬೇಕಾಗಿರಲಿಲ್ಲ. ತಂತಿಯಿಂದ ತಂತಿಗೆ, ಯಂತ್ರದಿಂದ ಯಂತ್ರಕ್ಕೆ ಹುಳು ತಾನೇ ಹರಿಯಿತು. ಅದು ನುಸುಳಿದ್ದು ವಿಂಡೋಸಿನಲ್ಲಿದ್ದ ಒಂದು ಬಿರುಕಿನ ಮೂಲಕ. ಆ ಬಿರುಕಿಗೆ ತೇಪೆಯನ್ನು ಮೈಕ್ರೋಸಾಫ್ಟ್ ಕಂಪೆನಿ ಎರಡು ತಿಂಗಳ ಮೊದಲೇ, ಮಾರ್ಚ್ ೧೪ರಂದೇ, ಹೊರಡಿಸಿತ್ತು. ತೇಪೆ ಹಾಕಿಕೊಂಡವರು ಬದುಕಿದರು, ಹಾಕದವರು ಕೆಟ್ಟರು. ತೇಪೆ ಹಾಕಿಸಬೇಕಾದವರು ಗುಮಾಸ್ತರೋ ಮೇಲಿನವರೋ?

ಇನ್ನೂ ಮೇಲಕ್ಕೆ ಹೋಗೋಣ. ಈ ಬಿರುಕನ್ನು ಬಲ್ಲ ಆಯುಧ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಿಂದ ಕಳುವಾದದ್ದೆಂದು ಮೈಕ್ರೋಸಾಫ್ಟಿನ ಅಧ್ಯಕ್ಷರೇ ಬಹಿರಂಗವಾಗಿ ದೂರಿದರು. ಗೂಢಚರ್ಯೆಗೆ ಬೇಕೆಂದು ಬಿರುಕನ್ನು ಬಚ್ಚಿಟ್ಟುಕೊಂಡವರು ಸಾಮ್ರಾಜ್ಯದ ಅಧಿಕಾರಿಗಳು. ಅದನ್ನು ಕದ್ದು ಬೀದಿಗೆಸೆದವರು ಕಳ್ಳರು. ಅದರ ಫಲವನ್ನು ಉಂಡವರು ಆಸ್ಪತ್ರೆಯ ಬಾಗಿಲಲ್ಲಿ ನಿಂತ ಬಡ ರೋಗಿಗಳು. ಮೇಲಿನಿಂದ ಕೆಳಕ್ಕೆ ಉರುಳಿದ ಈ ಬಂಡೆ ಕಟ್ಟಕಡೆಗೆ ಯಾರ ತಲೆಯ ಮೇಲೆ ಬಿತ್ತೋ, ಬಂಡೆಯನ್ನು ಉರುಳಿಸಿದವರು ಅವರೇ ಎಂದು ಹೇಳುವುದಕ್ಕೆ ಎಂಥ ಎದೆ ಬೇಕು!

ದೂರದ ಮಾತು ಬೇಡವೆನ್ನುವವರಿಗೆ ನಮ್ಮ ಅಣೆಕಟ್ಟನ್ನೇ ತೋರಿಸುತ್ತೇವೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರೆಯ ೩೩ ಗೇಟುಗಳಲ್ಲಿ ೧೯ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ನಮ್ಮ ಎಡದಂಡೆಯ ರೈತನ ಎದೆ ಒಡೆದುಹೋಯಿತು. ಅಂದು ಆ ರಾತ್ರಿಯ ಪಾಳಿಯಲ್ಲಿದ್ದ ಕಾವಲುಗಾರನ ಸಂಬಳ ಹಿಡಿಯಿರೆಂದು ಯಾವ ಗಿರಣಿ ಮಾಲೀಕರಾದರೂ ಕೇಳಿದರೇ? ಇಲ್ಲ. ಸರಪಳಿಯನ್ನು ಯಾರು ಪರೀಕ್ಷಿಸಬೇಕಾಗಿತ್ತು, ಯಾವಾಗ ಬದಲಿಸಬೇಕಾಗಿತ್ತು ಎಂದು ಕೇಳಿದರು. ಸರಿಯಾಗಿಯೇ ಕೇಳಿದರು. ನೀರಿನ ವಿಷಯದಲ್ಲಿ ಹೊಳೆದ ಈ ನ್ಯಾಯ ಸ್ವಂತ ಕಚೇರಿಯ ವಿಷಯದಲ್ಲಿ ಏಕೆ ಹೊಳೆಯುವುದಿಲ್ಲ?

ಗಿರಣಿಯ ಬಾಯ್ಲರನ್ನು ನೋಡಿ. ಬ್ರಿಟಿಷರ ಸರಕಾರ ಕೂಡ ೧೯೨೩ರಲ್ಲೇ ಬಾಯ್ಲರ್ ಕಾಯಿದೆ ಮಾಡಿ, ಪರೀಕ್ಷೆಯಾಗದ ಬಾಯ್ಲರನ್ನು ನಡೆಸಕೂಡದೆಂದು ಹೇಳಿತು. ಆವಿ ಹೆಚ್ಚಾದಾಗ ತಾನಾಗಿ ತೆರೆದುಕೊಳ್ಳುವ ಕವಾಟ ಇರಲೇಬೇಕು. ಏಕೆ? ಬೆಂಕಿ ಹಾಕುವವನು ಮನುಷ್ಯ; ದಿನಕ್ಕೆ ಹತ್ತು ತಾಸು ದುಡಿಯುವ ಮನುಷ್ಯ ಒಂದಲ್ಲ ಒಂದು ದಿನ ಮರೆಯುತ್ತಾನೆ; ಅವನು ಮರೆತರೂ ಗಿರಣಿ ಸಿಡಿಯಬಾರದು. ಯಂತ್ರ ಕಟ್ಟುವುದರಲ್ಲಿ ಇದು ನೂರು ವರ್ಷದ ಹಿಂದಿನ ಬುದ್ಧಿ. ಕಂಪ್ಯೂಟರಿಗೂ ಇದೇ ಬುದ್ಧಿ ಬೇಕು. ನೂರು ಈಮೇಲು ತೆಗೆಯುವ ಗುಮಾಸ್ತೆ ಒಂದರಲ್ಲಿ ಮೋಸ ಹೋಗಿಯೇ ಹೋಗುತ್ತಾಳೆ. ಹೋದರೂ ಇಡೀ ಗಿರಣಿ ಮುಳುಗದಂತೆ ಕಟ್ಟುವುದೇ ರಕ್ಷಣೆ.

ಹಾಗೆ ಕಟ್ಟುವುದು ಹೇಗೆ? ವಿರೂಪಾಪುರಗಡ್ಡೆಯೇ ಅದನ್ನು ಹೇಳಿಕೊಡುತ್ತದೆ. ಸುತ್ತಲೂ ಹೊಳೆ. ಹೊಳೆ ಏರಿದರೆ ಹಂಪೆಯ ಕಡೆಯ ಹರಿಗೋಲು, ದೋಣಿ ನಿಲ್ಲುತ್ತವೆ. ಆಚೆಯದು ಆಚೆ, ಈಚೆಯದು ಈಚೆ. ಕಚೇರಿಯ ಕಂಪ್ಯೂಟರುಗಳನ್ನೂ ಹೀಗೆಯೇ ಗಡ್ಡೆಗಳನ್ನಾಗಿ ಬೇರ್ಪಡಿಸಿಡಬೇಕು. ಲೆಕ್ಕದ ಕಂಪ್ಯೂಟರು ಒಂದು ಗಡ್ಡೆ, ತೂಕದ ಕಟ್ಟೆಯದು ಇನ್ನೊಂದು, ಸಿ.ಸಿ. ಕ್ಯಾಮೆರಾ ಮತ್ತೊಂದು, ಬಂದುಹೋಗುವವರ ಫೋನಿನ ವೈಫೈ ಬೇರೆಯೇ. ನಡುವೆ ಅವಶ್ಯವಾದಷ್ಟೇ ಹರಿಗೋಲು. ಒಂದರಲ್ಲಿ ಜ್ವರ ಕಂಡರೆ ಹರಿಗೋಲು ನಿಲ್ಲಿಸಿ; ಉಳಿದ ಗಡ್ಡೆಗಳು ಬದುಕುತ್ತವೆ. ನಾವು ಹೇಳಿದ ಗಿರಣಿಯಲ್ಲಿ ತೂಕದ ಕಟ್ಟೆ ಬೇರೆ ಇದ್ದಿದ್ದರೆ ಆ ನಾಲ್ಕು ದಿನ ಹಮಾಲರು ಉಪವಾಸ ಬೀಳುತ್ತಿರಲಿಲ್ಲ.

ಇದು ಸಣ್ಣವರ ರೋಗವಷ್ಟೇ ಅಲ್ಲ. ೨೦೨೨ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳಿಗೆ ಹೀಗೆಯೇ ಬೀಗ ಬಿತ್ತು. ದೇಶದ ದೊಡ್ಡ ಆಸ್ಪತ್ರೆಯಲ್ಲಿ ದಿನಗಟ್ಟಲೆ ಕೈಬರಹದ ಚೀಟಿಗಳ ಮೇಲೆ ಕೆಲಸ ನಡೆಯಿತು. ಕಾರಣವೇನೆಂದು ಸಂಸತ್ತಿನಲ್ಲಿ ಕೇಳಿದಾಗ ಸರಕಾರ ಕೊಟ್ಟ ಉತ್ತರ: ಜಾಲವನ್ನು ಸರಿಯಾಗಿ ಬೇರ್ಪಡಿಸಿರಲಿಲ್ಲ. ನಮ್ಮ ಗಡ್ಡೆಯ ಅಂಬಿಗನಿಗೆ ತಿಳಿದದ್ದು ದಿಲ್ಲಿಯ ದೊರೆಗಳಿಗೆ ತಿಳಿದಿರಲಿಲ್ಲ!

ಸಣ್ಣ ವ್ಯಾಪಾರಿ ಬಂಧುಗಳೇ, ಇದು ಗಿರಣಿಯ ಜಗಳ, ನಮಗೇನು ಎಂದು ಕೈಕಟ್ಟಿ ಕೂಡಬೇಡಿ. ೨೦೨೪ರ ಜುಲೈ ೩೧ರಂದು ಸಿ-ಎಡ್ಜ್ ಎಂಬ ಒಂದು ಕಂಪೆನಿಗೆ ಇದೇ ಜ್ವರ ಬಂತು. ಅದು ಟಾಟಾದವರ ಕಂಪೆನಿಯೂ ಸ್ಟೇಟ್ ಬ್ಯಾಂಕೂ ಸೇರಿ ಕಟ್ಟಿದ್ದು. ಸಹಕಾರಿ ಬ್ಯಾಂಕುಗಳಿಗೆ, ಗ್ರಾಮೀಣ ಬ್ಯಾಂಕುಗಳಿಗೆ ಕಂಪ್ಯೂಟರಿನ ಕೆಲಸ ಮಾಡಿಕೊಡುತ್ತದೆ. ಜ್ವರ ಹಬ್ಬೀತೆಂದು ರಾಷ್ಟ್ರೀಯ ಪಾವತಿ ನಿಗಮ ಅದರ ನಂಟನ್ನು ಕಡಿಯಿತು. ಕಡಿದದ್ದು ಸರಿಯೇ. ಆದರೆ ಒಂದೇ ಹಗ್ಗಕ್ಕೆ ಸುಮಾರು ೩೦೦ ಸಣ್ಣ ಬ್ಯಾಂಕುಗಳು ಜೋತುಬಿದ್ದಿದ್ದವು! ಹಗ್ಗ ಕಡಿದಾಗ ಆ ಬ್ಯಾಂಕುಗಳಲ್ಲಿ ಖಾತೆ ಇದ್ದವರ ಯು.ಪಿ.ಐ. ನಿಂತಿತು, ಎ.ಟಿ.ಎಂ. ನಿಂತಿತು. ಮರುದಿನ ಸರಿಯಾಯಿತು, ನಿಜ. ಆದರೆ ಅಂದು ತರಕಾರಿಯ ಬಂಡಿಯವನಿಗೆ, ಕಿರಾಣಿ ಅಂಗಡಿಯವನಿಗೆ ಹೋದ ವ್ಯಾಪಾರವನ್ನು ತುಂಬಿಕೊಟ್ಟವರಾರು? ದೊಡ್ಡ ಬ್ಯಾಂಕುಗಳಿಗೆ ತಮ್ಮದೇ ಕೋಟೆಯುಂಟು; ಬಡವರ ಬ್ಯಾಂಕುಗಳಿಗೆ ಬಾಡಿಗೆಯ ಬೇಲಿ.

ಹೊಳೆಯಾಚೆಗೇ ನೋಡಿ. ೨೦೨೫ರ ಜನವರಿಯಲ್ಲಿ ಹೊಸಪೇಟೆಯ ಬಿ.ಡಿ.ಸಿ.ಸಿ. ಬ್ಯಾಂಕಿನ ಗ್ರಾಹಕರು ಬೇರೆ ಬ್ಯಾಂಕುಗಳಿಗೆ ಕಳಿಸಿದ ಹಣದಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕಿದ್ದು ದಾರಿಯಲ್ಲೇ ಕಳ್ಳರ ಪಾಲಾಯಿತು. ಕಳ್ಳರು ತಿಜೋರಿ ಒಡೆಯಲಿಲ್ಲ. ಕಡತದೊಳಗೆ ಪಡೆಯುವವರ ಹೆಸರನ್ನು ಹಾಗೆಯೇ ಬಿಟ್ಟು ಖಾತೆಯ ಸಂಖ್ಯೆಯನ್ನೂ ಐ.ಎಫ್.ಎಸ್.ಸಿ. ಸಂಖ್ಯೆಯನ್ನೂ ಬದಲಿಸಿದ್ದರು. ಹಣ ಬರಲಿಲ್ಲವೆಂದು ಗ್ರಾಹಕರು ಬಂದು ಕೂಗಿದ ಮೇಲೆ ಸಂಗತಿ ಬಯಲಾಯಿತು. ೧೯೫೧ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಅವರ ಕೇಳಿಕೆಗಳಲ್ಲಿ ಒಂದು ಅಳತೆಯ ಕೊಳಗದ್ದು. ಅಳೆಯುವ ಕೊಳಗ ಯಾರ ಕೈಯಲ್ಲಿದೆ, ಅದು ಸರಿಯಾಗಿದೆಯೇ ಎಂದು ಕೇಳುವುದು ದುಡಿಯುವವನ ಹಕ್ಕು. ಇಂದಿನ ಕೊಳಗ ಕಂಪ್ಯೂಟರು. ನಮ್ಮ ಪಗಾರ, ನಮ್ಮ ಉಳಿತಾಯ, ನಮ್ಮ ತೂಕ, ಎಲ್ಲವನ್ನೂ ಅದೇ ಅಳೆಯುತ್ತದೆ. ಅದನ್ನು ಕಾಯುವ ಪ್ರಶ್ನೆ ಮಾಲೀಕರ ಸ್ವಂತ ವಿಷಯವೆಂದು ನಾವು ಒಪ್ಪುವುದಿಲ್ಲ.

ಕಾನೂನು ಏನನ್ನುತ್ತದೆ? ನಷ್ಟಕ್ಕಾಗಿ ಪಗಾರ ಹಿಡಿಯಬೇಕಾದರೆ, ಆ ನಷ್ಟ ನೇರವಾಗಿ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು. ಹಿಡಿಯುವ ಮೊದಲು ಅವನ ಸಮಜಾಯಿಷಿ ಕೇಳಬೇಕು. ೧೯೩೬ರ ವೇತನ ಪಾವತಿ ಕಾಯಿದೆ ಹೀಗೆ ಹೇಳಿತ್ತು. ಅದರ ಜಾಗಕ್ಕೆ ಬಂದ ೨೦೧೯ರ ವೇತನ ಸಂಹಿತೆಯಲ್ಲೂ ಈ ಮಾತು ಉಳಿದಿದೆ. ಗಡ್ಡೆಯ ಹೆಣ್ಣುಮಗಳಿಗೆ ಯಾರು ನೋಟೀಸು ಕೊಟ್ಟರು? ಯಾರು ಆಕೆಯ ಮಾತು ಕೇಳಿದರು? ಇನ್ನೊಂದು ಮಾತು. ಬ್ಯಾಂಕಿನದೂ ಅಲ್ಲದ, ಗ್ರಾಹಕನದೂ ಅಲ್ಲದ ಮೂರನೆಯವರ ಮೋಸದಿಂದ ಹಣ ಹೋದರೆ, ಗ್ರಾಹಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ಅವನ ಮೇಲೆ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕು ೨೦೧೭ರಲ್ಲೇ ಸುತ್ತೋಲೆ ಹೊರಡಿಸಿತು. ಗ್ರಾಹಕನಿಗೆ ಸಲ್ಲುವ ನ್ಯಾಯ ಗುಮಾಸ್ತೆಗೆ ಸಲ್ಲದೇ?

ಶಿಕ್ಷೆಯಿಂದ ಶಿಸ್ತು ಬರುತ್ತದೆನ್ನುವವರು ಇನ್ನೊಂದನ್ನು ಯೋಚಿಸಲಿ. ಜ್ವರ ತಗುಲಿದಾಗ ಮೊದಲ ಗಳಿಗೆಯೇ ಮುಖ್ಯ. ತಕ್ಷಣ ಜಾಲದ ತಂತಿ ಕಿತ್ತು, ವೈಫೈ ಆರಿಸಿ, ಕೂಗಿ ಹೇಳಿದರೆ ಒಂದು ಯಂತ್ರಕ್ಕೆ ಮುಗಿಯುತ್ತದೆ. ಪಗಾರ ಹೋದೀತೆಂಬ ಭಯ ಇರುವಲ್ಲಿ ಗುಮಾಸ್ತೆ ಕೂಗುವುದಿಲ್ಲ. ಯಾರೂ ನೋಡದಿರಲಿ ಎಂದು ಪರದೆ ಆರಿಸಿ ಕೂಡುತ್ತಾಳೆ. ಅಷ್ಟರಲ್ಲಿ ಹತ್ತು ಯಂತ್ರ ಹೋಗುತ್ತವೆ. ಈಗ ಬರೆ ಎಳೆದ ಗಿರಣಿಯಲ್ಲಿ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ತನ್ನ ಮನೆಯ ಕಾವಲು ನಾಯಿಯ ಬಾಯಿಯನ್ನು ತಾನೇ ಕಟ್ಟಿದ ಜಾಣ ಈ ಮಾಲೀಕ.

ಕಾರ್ಮಿಕರೂ ಎಚ್ಚರ ವಹಿಸಬೇಡವೇ ಎಂದು ಕೇಳುವವರುಂಟು. ಬೇಕು, ನಾವು ಅಲ್ಲಗಳೆಯುವುದಿಲ್ಲ. ಗುರುತಿಲ್ಲದ ಪೆನ್ ಡ್ರೈವು ಸಿಕ್ಕಿಸಬಾರದು. 'ಈಗಲೇ, ಇಲ್ಲದಿದ್ದರೆ ದಂಡ' ಎಂದು ಅವಸರಪಡಿಸುವ ಈಮೇಲನ್ನು ನಂಬಬಾರದು. 'ನಮ್ಮ ಖಾತೆ ಸಂಖ್ಯೆ ಬದಲಾಗಿದೆ' ಎಂದು ಕಾಗದ ಬಂದರೆ, ಅದರಲ್ಲಿರುವ ನಂಬರಿಗಲ್ಲ, ಮೊದಲಿನಿಂದ ತಿಳಿದ ನಂಬರಿಗೆ ಫೋನು ಮಾಡಿ ಕೇಳಬೇಕು. ಆದರೆ ಕಲಿಸಿದ ಮೇಲಲ್ಲವೇ ಪರೀಕ್ಷೆ? ಪಾಠ ಹೇಳದೆ ಹುಡುಗನನ್ನು ನಪಾಸು ಮಾಡುವ ಮಾಸ್ತರನನ್ನು ಊರವರು ಸುಮ್ಮನೆ ಬಿಡುತ್ತಾರೆಯೇ?

ನಮ್ಮ ಬೆನ್ನನ್ನೂ ನಾವು ನೋಡಿಕೊಂಡಿದ್ದೇವೆ. ಈ ಪತ್ರಿಕೆಯ ಕಚೇರಿಗೂ ಮುದ್ರಣಾಲಯಕ್ಕೂ ವರ್ಷಗಟ್ಟಲೆ ಒಂದೇ ಪೆನ್ ಡ್ರೈವು ತಿರುಗುತ್ತಿತ್ತು. ಗಡ್ಡೆಯಿಂದ ಬಂದ ರಾತ್ರಿಯೇ ಅದನ್ನು ನಿಲ್ಲಿಸಿದೆವು. ಹಳೆಯ ಸಂಚಿಕೆಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು, ತಂತಿ ಕಳಚಿ, ಕಪಾಟಿನಲ್ಲಿಟ್ಟೆವು. ಒಂದು ಸಂಜೆಯ ಕೆಲಸ.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ.

ಒಂದು: ವೈರಸ್ಸಿನ ಹೆಸರಿನಲ್ಲಿ ಗುಮಾಸ್ತರ, ಆಪರೇಟರುಗಳ ಪಗಾರದಿಂದ ಹಿಡಿದ ಹಣ ಪೈಸೆ ಬಿಡದೆ ಹಿಂದಕ್ಕೆ ಬರಬೇಕು. ಜಾಲ ನಿಂತ ದಿನಗಳಿಗೆ ಹಮಾಲರಿಗೆ ಕೂಲಿ ಸಿಗಬೇಕು.

ಎರಡು: ಗಿರಣಿಗಳು, ಕಾರ್ಖಾನೆಗಳು ಅಸಲಿ ವಿಂಡೋಸನ್ನೇ ಬಳಸಬೇಕು, ತಿದ್ದುಪಡಿಗಳನ್ನು ಬಂದ ವಾರವೇ ಹಾಕಬೇಕು. ವಿಂಡೋಸ್ ೭ಕ್ಕೆ ೨೦೨೦ರ ಜನವರಿಯಲ್ಲಿ, ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರಿನಲ್ಲಿ ಕಂಪೆನಿಯ ಸಾಮಾನ್ಯ ಬೆಂಬಲ ಮುಗಿಯಿತು. ಅಂಥ ಯಂತ್ರಗಳನ್ನು ಹಾಗೆಯೇ ಜಾಲಕ್ಕೆ ಕಟ್ಟಿಡುವುದು ಕವಾಟವಿಲ್ಲದ ಬಾಯ್ಲರಿಗೆ ಬೆಂಕಿ ಹಾಕಿದಂತೆ. ಹೊಸದನ್ನು ಕೊಳ್ಳಲು ಕೈಸಾಗದವರಿಗೆ ಪುಕ್ಕಟೆ ಸಿಗುವ ಲಿನಕ್ಸ್ ಉಂಟು.

ಮೂರು: ಲೆಕ್ಕಕ್ಕೆ ಮೂರು ಪ್ರತಿ ಇರಬೇಕು, ಎರಡು ಬಗೆಯ ಸಾಧನದಲ್ಲಿರಬೇಕು, ಒಂದು ಪ್ರತಿ ಬೇರೆ ಜಾಗದಲ್ಲಿ, ಯಾವ ತಂತಿಗೂ ಸೇರದೆ ಇರಬೇಕು. ನಮ್ಮ ಅಜ್ಜಂದಿರು ಜೋಳವನ್ನೆಲ್ಲ ಅಂಗಳದಲ್ಲಿ ಸುರಿದು ಮಲಗುತ್ತಿರಲಿಲ್ಲ. ಒಂದು ಪಾಲು ಹಗೇವಿನೊಳಗೆ ಮುಚ್ಚಿಡುತ್ತಿದ್ದರು. ತಿಂಗಳಿಗೊಮ್ಮೆ ಆ ಪ್ರತಿಯಿಂದ ಲೆಕ್ಕ ಮರಳಿ ಬರುತ್ತದೆಯೇ ಎಂದು ತೆಗೆದು ನೋಡಬೇಕು. ಹಗೇವಿನ ಜೋಳ ಮುಗ್ಗಿದೆಯೋ ಎಂದು ನೋಡಿದಂತೆ.

ನಾಲ್ಕು: ಲೆಕ್ಕ, ತೂಕ, ಕ್ಯಾಮೆರಾಗಳು ಬೇರೆ ಬೇರೆ ಗಡ್ಡೆಗಳಾಗಬೇಕು. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡು, ಬ್ಯಾಂಕಿನ ಕೆಲಸಕ್ಕೆ ಎರಡನೆಯ ದೃಢೀಕರಣ, ದಿನದ ಕೆಲಸಕ್ಕೆ ಯಂತ್ರದ ಪೂರ್ಣಾಧಿಕಾರವಿಲ್ಲದ ಖಾತೆ.

ಐದು: ಕೆಲಸದ ವೇಳೆಯಲ್ಲೇ, ಪಗಾರ ಸಹಿತ, ಕನ್ನಡದಲ್ಲಿ ತರಬೇತಿ ಕೊಡಬೇಕು. ಮೊದಲು ಕೂಗಿ ಹೇಳಿದವರಿಗೆ ಶಿಕ್ಷೆಯಿಲ್ಲವೆಂದು ಬರೆದು ಗೋಡೆಗೆ ಅಂಟಿಸಬೇಕು, ಪಾಸ್‌ವರ್ಡು ಬರೆದಿದ್ದ ಅದೇ ಜಾಗದಲ್ಲಿ.

ಆರು: ಮುಚ್ಚಿಡುವುದು ನಿಲ್ಲಬೇಕು. ಇಂಥ ಘಟನೆಯನ್ನು ಆರು ತಾಸಿನೊಳಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂದು ೨೦೨೨ರ ಏಪ್ರಿಲ್ ೨೮ರ ಆದೇಶವುಂಟು. ಎಷ್ಟು ಮಾಲೀಕರು ಅದನ್ನು ಓದಿದ್ದಾರೆ? ಹಣ ಹೋದಲ್ಲಿ ತಡಮಾಡದೆ ೧೯೩೦ಕ್ಕೆ ಫೋನು ಮಾಡಬೇಕು. ಒತ್ತೆಹಣ ಕೊಟ್ಟು ಮುಗಿಸುವುದು ಪರಿಹಾರವಲ್ಲ. ಕೊಟ್ಟರೂ ಬೀಗದ ಕೈ ಬರುವ ಭರವಸೆಯಿಲ್ಲ, ಕೊಟ್ಟ ಹಣ ಮುಂದಿನ ಕಳವಿಗೆ ಬಂಡವಾಳ.

ಸಣ್ಣ ವ್ಯಾಪಾರಿಗಳಿಗೆ ಬೇರೆಯಾಗಿ ಒಂದು ಮಾತು. ನಿಮ್ಮ ಅಂಗಡಿಯಲ್ಲಿ ಮಾಲೀಕರೂ ನೀವೇ, ಗುಮಾಸ್ತರೂ ನೀವೇ. ನಿಮ್ಮನ್ನು ದೊಡ್ಡ ಗಿರಣಿಯವರ ಸಾಲಿನಲ್ಲಿ ನಿಲ್ಲಿಸಿ ಬೈಯುವುದು ನಮ್ಮ ಉದ್ದೇಶವಲ್ಲ. ಒಬ್ಬೊಬ್ಬರೇ ತಂತ್ರಜ್ಞನನ್ನು ಇಟ್ಟುಕೊಳ್ಳುವುದು ನಿಮ್ಮಿಂದಾಗದು. ಆದರೆ ಒಂದು ಬೀದಿಯ ಇಪ್ಪತ್ತು ಅಂಗಡಿ ಸೇರಿದರೆ ಒಬ್ಬ ಬಲ್ಲ ಹುಡುಗನಿಗೆ ಪಗಾರ ಕೊಡಬಹುದು. ಅವನು ವಾರಕ್ಕೊಮ್ಮೆ ಬಂದು ಎಲ್ಲರ ಯಂತ್ರ ನೋಡಿ ಹೋಗಲಿ. ಸಹಕಾರವೆಂದರೆ ಸಾಲದ ಸೊಸೈಟಿ ಮಾತ್ರವಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಊರಿಗೊಂದರಂತ ಇಂಥ ಕೂಟ ಕಟ್ಟಲು ನಾವು ಕೈಜೋಡಿಸುತ್ತೇವೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮವರ ಹಳೆಯ ಚಾಳಿ. ಗಡ್ಡೆಯ ಎದುರು ದಂಡೆಯಲ್ಲಿ ಹಾಳುಬಿದ್ದಿರುವ ರಾಜಧಾನಿಯನ್ನು ದಿನವೂ ನೋಡುವ ನಮಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ. ಬಾಗಿಲು ಹಾಕುವ ಕೆಲಸ ಮಾಲೀಕರದು. ಹಾಕದೆ ಕೆಟ್ಟಲ್ಲಿ ನಷ್ಟವೂ ಅವರದೇ. ಬಾಗಿಲ ಬಳಿ ಕುಳಿತ ಹೆಣ್ಣುಮಗಳದಲ್ಲ.

ಆಕೆಯ ಮೂರು ತಿಂಗಳ ಪಗಾರದ ಪಾಲು ಹಿಂದಕ್ಕೆ ಬರುವವರೆಗೆ ನಾವು ಈ ಮಾತನ್ನು ಬಿಡುವುದಿಲ್ಲ. ನಿಮ್ಮ ಗಿರಣಿಯಲ್ಲೂ ಹೀಗಾಗಿದ್ದರೆ ಪಗಾರದ ಚೀಟಿ ಹಿಡಿದುಕೊಂಡು ನಮ್ಮ ಕಚೇರಿಗೆ ಬನ್ನಿ. ಒಬ್ಬರೇ ಬರಬೇಡಿ, ಪಕ್ಕದವರನ್ನೂ ಕರೆತನ್ನಿ.